ಕಾಲಲ್ಲಿ ಚೆಂಡು, ಕೈಯಲ್ಲಿ ಗ್ಲಾಸು

2005ರ ಡಿಸೆಂಬರ್ 3, ಶನಿವಾರ. ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟ್‌ನಲ್ಲಿ ಅಂದು ಮಳೆ. ಆದರೂ ಕ್ರೇಗಾ ಬಡಾವಣೆಯಿಂದ ಸ್ಟಾರ್ಮಾಂಟ್ ಸಂಸತ್ ಭವನದವರೆಗೆ ರಸ್ತೆಯ ಎರಡೂ ಬದಿಯಲ್ಲಿ ಸುಮಾರು ಒಂದು ಲಕ್ಷ ಜನ ನಿಂತಿದ್ದರು. ಪ್ರಾಟೆಸ್ಟೆಂಟರು ಮತ್ತು ಕ್ಯಾಥೊಲಿಕ್ಕರು ದಶಕಗಳ ಕಾಲ ಪರಸ್ಪರ ರಕ್ತ ಹರಿಸಿದ್ದ ಊರು ಅದು. ಅಂದು ಇಬ್ಬರೂ ಒಂದೇ ಶವಯಾತ್ರೆಗೆ ಕಣ್ಣೀರು ಸುರಿಸಿದರು. ಸತ್ತವನು ರಾಜಕಾರಣಿಯಲ್ಲ, ಧರ್ಮಗುರುವೂ ಅಲ್ಲ. ಹಡಗುಕಟ್ಟೆಯ ಕಾರ್ಮಿಕನೊಬ್ಬನ ಮಗ, ಫುಟ್‌ಬಾಲ್ ಆಟಗಾರ ಜಾರ್ಜ್ ಬೆಸ್ಟ್. ವಯಸ್ಸು 59.

ಆ ಶೋಕದ ನಡುವೆಯೇ ಬ್ರಿಟನ್ನಿನ ಮನೆಮನೆಗಳಲ್ಲಿ ಒಂದು ಕಹಿ ಪ್ರಶ್ನೆಯೂ ಕೇಳಿಬಂದಿತ್ತು. 2002ರ ಜುಲೈನಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಬೆಸ್ಟ್‌ಗೆ ಬೇರೊಬ್ಬರ ಯಕೃತ್ತನ್ನು ಕಸಿ ಮಾಡಲಾಗಿತ್ತು. ಕುಡಿತದಿಂದ ಆತನ ಸ್ವಂತ ಯಕೃತ್ತು ಕೆಲಸಕ್ಕೆ ಬಾರದಂತಾಗಿತ್ತು. ಅಂಥ ಮರುಜೀವ ಪಡೆದವನು ವರ್ಷ ಕಳೆಯುವ ಹೊತ್ತಿಗೆ ಮತ್ತೆ ಕುಡಿಯತೊಡಗಿದ. ಸರದಿಯಲ್ಲಿ ಕಾದಿದ್ದ ಇನ್ನೊಬ್ಬ ರೋಗಿಗೆ ಆ ಅಂಗ ಸಿಕ್ಕಿದ್ದರೆ? ಬೆಸ್ಟ್ ತಪ್ಪಿತಸ್ಥನೋ ರೋಗಿಯೋ? ಕುಡಿತದ ಹೊಣೆ ಕುಡಿದವನೊಬ್ಬನದೋ, ಕುಡಿಸಿದವರದೂ ಹೌದೋ?

ಈ ಪ್ರಶ್ನೆ ಬೆಸ್ಟ್ ಒಬ್ಬನಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅದೇ ಇಂಗ್ಲಿಷ್ ಮೈದಾನಗಳಲ್ಲಿ ಆಡಿ, ಅದೇ ಚಟಕ್ಕೆ ಬಿದ್ದು, ಜೈಲನ್ನೂ ಕಂಡು, ಆಮೇಲೆ ಎದ್ದು ನಿಂತ ಇನ್ನೊಬ್ಬ ಆಟಗಾರನಿದ್ದಾನೆ. ಆತ ಆರ್ಸೆನಲ್ ತಂಡದ ನಾಯಕನಾಗಿದ್ದ ಟೋನಿ ಆಡಮ್ಸ್. ಈ ಇಬ್ಬರ ಬದುಕನ್ನು ಪಕ್ಕಪಕ್ಕ ಇಟ್ಟು ನೋಡಿದರೆ 'ಹೊಣೆ' ಎಂಬ ಮಾತಿಗೆ ನಿಜವಾದ ಅರ್ಥವೇನು ಎಂಬುದು ಸ್ವಲ್ಪ ಸ್ಪಷ್ಟವಾಗುತ್ತದೆ.

ಬಿಯರ್ ಹಣದಲ್ಲಿ ಬೆಳೆದ ಆಟ

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಮತ್ತು ಮದ್ಯದ ನಂಟು ಆಟಗಾರರ ಚಟಕ್ಕಿಂತಲೂ ಹಳೆಯದು. ಇಂದಿನ ಎವರ್ಟನ್ ಕ್ಲಬ್ ಹುಟ್ಟಿದ್ದು 1878ರಲ್ಲಿ, ಲಿವರ್‌ಪೂಲ್ ನಗರದ ಒಂದು ಮೆಥಡಿಸ್ಟ್ ಚರ್ಚಿನ ತಂಡವಾಗಿ. ಮೆಥಡಿಸ್ಟರು ಪಾನನಿರೋಧದ ಪರವಾಗಿದ್ದವರು. ಆದರೆ ತಂಡ ಬೆಳೆದು ಆನ್‌ಫೀಲ್ಡ್ ಮೈದಾನಕ್ಕೆ ಬಂದಾಗ ಅದರ ಅಧ್ಯಕ್ಷನಾಗಿದ್ದವನು ಬಿಯರ್ ಉದ್ಯಮಿ ಜಾನ್ ಹೌಲ್ಡಿಂಗ್. ಮೈದಾನದ ಬಾಡಿಗೆ ಎಷ್ಟಿರಬೇಕು, ಅಲ್ಲಿ ಪಾನೀಯ ಮಾರುವ ಹಕ್ಕು ಯಾರಿಗಿರಬೇಕು ಎಂಬ ಜಗಳ ವಿಕೋಪಕ್ಕೆ ಹೋಗಿ 1892ರಲ್ಲಿ ಎವರ್ಟನ್ ತಂಡ ಆ ಮೈದಾನವನ್ನೇ ಬಿಟ್ಟು ಹೊರಟಿತು. ಖಾಲಿ ಉಳಿದ ಮೈದಾನಕ್ಕಾಗಿ ಹೌಲ್ಡಿಂಗ್ ಕಟ್ಟಿದ ಹೊಸ ತಂಡವೇ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್.

ಹತ್ತು ವರ್ಷಗಳ ನಂತರ, 1902ರಲ್ಲಿ, ಮ್ಯಾಂಚೆಸ್ಟರಿನ ನ್ಯೂಟನ್ ಹೀತ್ ಎಂಬ ತಂಡ ಸಾಲದಲ್ಲಿ ಮುಳುಗಿ ಮುಚ್ಚುವ ಸ್ಥಿತಿಗೆ ಬಂದಿತು. ಅದನ್ನು ಉಳಿಸಿದವನೂ ಬಿಯರ್ ಉದ್ಯಮಿಯೇ. ಜಾನ್ ಹೆನ್ರಿ ಡೇವಿಸ್ ಸಾಲ ತೀರಿಸಿದ. ತಂಡಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಹೊಸ ಹೆಸರು ಬಂತು. 1910ರಲ್ಲಿ ಆರಂಭವಾದ ಓಲ್ಡ್ ಟ್ರಾಫರ್ಡ್ ಮೈದಾನಕ್ಕೂ ಆತನದೇ ಹಣ. ಅರ್ಧ ಶತಮಾನದ ಬಳಿಕ ಅದೇ ಮೈದಾನದಲ್ಲಿ ಜಾರ್ಜ್ ಬೆಸ್ಟ್ ಆಡಲಿದ್ದ.

ಅಂದಿನ ಆಟಗಾರರ ಪಾಲಿಗೆ ಪಬ್ಬೇ ಚಾವಡಿ, ಪಬ್ಬೇ ಪಿಂಚಣಿ. ಪಂದ್ಯ ಮುಗಿದ ಮೇಲೆ ಎಲ್ಲರೂ ಸೇರುವ ಜಾಗ ಅದು. ಕಾಲಲ್ಲಿ ಕಸುವು ಕಡಿಮೆಯಾಗಿ ನಿವೃತ್ತರಾದ ಮೇಲೆ ಎಷ್ಟೋ ಮಂದಿ ಪಬ್ ನಡೆಸಿಯೇ ಹೊಟ್ಟೆ ಹೊರೆಯುತ್ತಿದ್ದರು. ಸಂಬಳಕ್ಕೂ ಮಿತಿಯಿತ್ತು. 1961ರ ಜನವರಿಯವರೆಗೆ ಇಂಗ್ಲೆಂಡಿನಲ್ಲಿ ಎಂಥ ಆಟಗಾರನಿಗೂ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಕಾರ್ಖಾನೆಯ ಕಾರ್ಮಿಕನಿಗಿಂತ ಅಷ್ಟೇನೂ ದೊಡ್ಡದಲ್ಲದ ಸಂಬಳ. ಕುಡಿತವೂ ಕಾರ್ಮಿಕನ ಜೇಬಿಗೆ ತಕ್ಕಷ್ಟೇ.

ಆ ಮಿತಿ ರದ್ದಾದ ಕೂಡಲೇ ಫುಲ್‌ಹ್ಯಾಮ್ ತಂಡದ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್ ಸಿಕ್ಕಿತು. ದುಡ್ಡು, ದೂರದರ್ಶನ, ಜಾಹೀರಾತುಗಳು ಒಟ್ಟಿಗೇ ಆಟಕ್ಕೆ ನುಗ್ಗಿದ ಕಾಲ ಅದು. ಅದೇ 1961ರಲ್ಲಿ ಬೆಲ್‌ಫಾಸ್ಟ್‌ನ 15 ವರ್ಷದ ಹುಡುಗನೊಬ್ಬ ಹಡಗು ಹತ್ತಿ ಮ್ಯಾಂಚೆಸ್ಟರಿಗೆ ಹೊರಟ.

ಮನೆಯ ನೆನಪಾಗಿ ಓಡಿಬಂದ ಹುಡುಗ

ಜಾರ್ಜ್ ಬೆಸ್ಟ್ ಹುಟ್ಟಿದ್ದು 1946ರ ಮೇ 22ರಂದು. ಬೆಲ್‌ಫಾಸ್ಟ್‌ನಲ್ಲಿ ಪ್ರತಿಭೆಗಳನ್ನು ಹುಡುಕುತ್ತಿದ್ದ ಬಾಬ್ ಬಿಷಪ್ ಈ ಸಣಕಲು ಹುಡುಗನ ಆಟ ನೋಡಿ, ತನಗೊಬ್ಬ ಮೇಧಾವಿ ಸಿಕ್ಕಿದ್ದಾನೆ ಎಂದು ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾನೇಜರ್ ಮ್ಯಾಟ್ ಬಸ್ಬಿ ಅವರಿಗೆ ತಂತಿ ಕಳುಹಿಸಿದ. ಹುಡುಗನೋ, ಮ್ಯಾಂಚೆಸ್ಟರಿಗೆ ಬಂದ ಬೆನ್ನಿಗೇ ಮನೆಯ ನೆನಪು ತಾಳಲಾರದೆ ಗೆಳೆಯನೊಂದಿಗೆ ಊರಿಗೆ ಮರಳಿಬಿಟ್ಟ. ಆಮೇಲೆ ಮನಸ್ಸು ಬದಲಿಸಿ ಮತ್ತೆ ಬಂದ. ಮುಂದೆ ಜಗತ್ತನ್ನೇ ತಿರುಗಿ ನೋಡುವಂತೆ ಮಾಡಿದವನು ಮೊದಲಿಗೆ ಇಷ್ಟು ನಾಚಿಕೆಯ, ಅಂಜುಬುರುಕ ಹುಡುಗನಾಗಿದ್ದ ಎಂಬುದನ್ನು ನೆನಪಿಡಬೇಕು. ಕುಡಿದಾಗ ನಾಚಿಕೆ ಹೋಗುತ್ತದೆ ಎಂಬ ಪಾಠವನ್ನು ಇಂಥವರೇ ಬೇಗ ಕಲಿಯುತ್ತಾರೆ.

1963ರ ಸೆಪ್ಟೆಂಬರ್ 14ರಂದು, 17ನೆಯ ವಯಸ್ಸಿನಲ್ಲಿ ಬೆಸ್ಟ್ ಮೊದಲ ಪಂದ್ಯ ಆಡಿದ. 1966ರ ಮಾರ್ಚ್‌ನಲ್ಲಿ ಲಿಸ್ಬನ್ನಿನಲ್ಲಿ ಬಲಾಢ್ಯ ಬೆನ್ಫಿಕಾ ತಂಡವನ್ನು ಯುನೈಟೆಡ್ 5–1ರಿಂದ ಸೋಲಿಸಿದಾಗ ಎರಡು ಗೋಲು ಆತನದು. ಉದ್ದ ಕೂದಲಿನ ಈ ತರುಣನನ್ನು ಪತ್ರಿಕೆಗಳು ಬೀಟಲ್ಸ್ ಗಾಯಕರಿಗೆ ಹೋಲಿಸಿದವು. 1968ರ ಮೇ 29ರಂದು ವೆಂಬ್ಲಿಯಲ್ಲಿ ಯುರೋಪಿಯನ್ ಕಪ್ ಫೈನಲ್. ಎದುರಾಳಿ ಮತ್ತೆ ಬೆನ್ಫಿಕಾ. ಹೆಚ್ಚುವರಿ ಅವಧಿಯಲ್ಲಿ ಗೋಲ್‌ಕೀಪರನನ್ನೂ ದಾಟಿ ಬೆಸ್ಟ್ ಹೊಡೆದ ಗೋಲು ತಂಡಕ್ಕೆ ಮುನ್ನಡೆ ತಂದಿತು. 4–1ರಿಂದ ಗೆದ್ದ ಯುನೈಟೆಡ್ ಆ ಕಪ್ ಎತ್ತಿದ ಮೊದಲ ಇಂಗ್ಲಿಷ್ ತಂಡವಾಯಿತು. ಆ ವರ್ಷ ಯುರೋಪಿನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಬೆಸ್ಟ್‌ಗೇ ಬಂತು. ವಯಸ್ಸು ಕೇವಲ 22.

ಶಿಖರ ಏರಿದ್ದಾಯಿತು, ಇಳಿಜಾರು ಅಲ್ಲಿಂದಲೇ ಆರಂಭ. 1969ರಲ್ಲಿ ಬಸ್ಬಿ ಮ್ಯಾನೇಜರ್ ಹುದ್ದೆ ಬಿಟ್ಟರು. ತಂಡದ ಹಿರಿಯರಿಗೆ ವಯಸ್ಸಾಗುತ್ತಿತ್ತು. ಗೆಲ್ಲಿಸುವ ಭಾರವೆಲ್ಲ ಬೆಸ್ಟ್ ಮೇಲೆ ಬಿತ್ತು. 1970ರ ಫೆಬ್ರುವರಿಯಲ್ಲಿ ಒಂದೇ ಪಂದ್ಯದಲ್ಲಿ ನಾರ್ಥಾಂಪ್ಟನ್ ವಿರುದ್ಧ ಆರು ಗೋಲು ಹೊಡೆದವನು, ಅಭ್ಯಾಸಕ್ಕೆ ಬಾರದೆ ತಪ್ಪಿಸಿಕೊಳ್ಳುವುದೂ ಹೆಚ್ಚಾಯಿತು. ಬಸ್ಬಿ ಕೋಣೆಗೆ ಕರೆದು ಬುದ್ಧಿ ಹೇಳುವಾಗ ತಾನು ಅವರ ಹಿಂದಿನ ಗೋಡೆಯ ಕಾಗದದಲ್ಲಿದ್ದ ಪ್ರಾಣಿಗಳ ಚಿತ್ರಗಳನ್ನು ಎಣಿಸುತ್ತ ಕೂತಿರುತ್ತಿದ್ದುದಾಗಿ ಬೆಸ್ಟ್ ಮುಂದೆ ಹೇಳಿಕೊಂಡ. ಬೈಗುಳಕ್ಕೆ ಕೊರತೆಯಿರಲಿಲ್ಲ, ದಂಡಕ್ಕೂ ಕೊರತೆಯಿರಲಿಲ್ಲ. ಆದರೆ ಇದು ಚಿಕಿತ್ಸೆ ಬೇಕಾದ ಸಂಗತಿ ಎಂದು ಕಾಣುವ ಕಣ್ಣು ಆ ಕಾಲದ ಕ್ಲಬ್ಬುಗಳಿಗೆ ಇರಲಿಲ್ಲ.

1972ರ ಮೇ ತಿಂಗಳಲ್ಲಿ, 26ನೆಯ ವಯಸ್ಸಿನಲ್ಲಿ, ಬೆಸ್ಟ್ ಸ್ಪೇನ್‌ನ ಕಡಲತೀರದಿಂದ ನಿವೃತ್ತಿ ಘೋಷಿಸಿದ. ಮರಳಿ ಬಂದ, ಮತ್ತೆ ಹೋದ, ಮತ್ತೆ ಬಂದ. ಯುನೈಟೆಡ್ ಪರ ಕೊನೆಯ ಪಂದ್ಯ ಆಡಿದ್ದು 1974ರ ಜನವರಿ 1ರಂದು. ಒಟ್ಟು 470 ಪಂದ್ಯ, 179 ಗೋಲು. ವಯಸ್ಸು 27. ಸಾಮಾನ್ಯವಾಗಿ ಫುಟ್‌ಬಾಲ್ ಆಟಗಾರನ ಕಸುವು ಮತ್ತು ತಿಳಿವಳಿಕೆ ಒಂದಾಗಿ ಫಲ ಕೊಡುವ ವಯಸ್ಸು ಅದು. ಆ ನಂತರದ ಹತ್ತು ವರ್ಷ ಇಂಗ್ಲೆಂಡ್, ಐರ್ಲೆಂಡ್, ಸ್ಕಾಟ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳ ಸಣ್ಣಪುಟ್ಟ ತಂಡಗಳಲ್ಲಿ ಅಲೆದಾಟ. ಸ್ಕಾಟ್ಲೆಂಡಿನ ಹೈಬರ್ನಿಯನ್ ಕ್ಲಬ್ ಕುಡಿತದ ಕಾರಣಕ್ಕೆ 1980ರಲ್ಲಿ ಆತನನ್ನು ಕೆಲಸದಿಂದ ತೆಗೆದು, ಒಂದೇ ವಾರದಲ್ಲಿ ಮತ್ತೆ ಕರೆಸಿಕೊಂಡಿತು. ಬೆಸ್ಟ್ ಆಡಿದರೆ ಟಿಕೆಟ್ ಮಾರಾಟವಾಗುತ್ತಿತ್ತು!

ಉತ್ತರ ಐರ್ಲೆಂಡ್ ತಂಡ 1982ರ ವಿಶ್ವಕಪ್‌ಗೆ ಹೋದಾಗ ಬೆಸ್ಟ್ ಅದರಲ್ಲಿ ಇರಲಿಲ್ಲ. ಜಗತ್ತಿನ ಶ್ರೇಷ್ಠ ಆಟಗಾರರ ಸಾಲಿನಲ್ಲಿ ನಿಲ್ಲುವ ಆತ ವಿಶ್ವಕಪ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 1984ರಲ್ಲಿ ಕುಡಿದು ಕಾರು ಓಡಿಸಿದ್ದಕ್ಕೆ ಮತ್ತು ಪೊಲೀಸನ ಮೇಲೆ ಹಲ್ಲೆ ಮಾಡಿದ್ದಕ್ಕೆ ಮೂರು ತಿಂಗಳ ಸಜೆಯಾಯಿತು; ಆ ವರ್ಷದ ಕ್ರಿಸ್ಮಸ್ ಜೈಲಿನಲ್ಲೇ ಕಳೆಯಿತು.

ನಗೆಚಾಟಿಕೆಯ ಬೇಲಿ

ಬೆಸ್ಟ್ ತನ್ನ ಕುಡಿತದ ಬಗ್ಗೆ ಚಟಾಕಿ ಹಾರಿಸುವುದರಲ್ಲಿ ನಿಪುಣ. ಕುಡಿತಕ್ಕೂ ಹೆಣ್ಣುಗಳಿಗೂ ಕಾರುಗಳಿಗೂ ಬಹಳಷ್ಟು ದುಡ್ಡು ಖರ್ಚು ಮಾಡಿದೆ, ಉಳಿದದ್ದನ್ನು ಸುಮ್ಮನೆ ಪೋಲು ಮಾಡಿದೆ ಎಂಬ ಆತನ ಮಾತು ಪಬ್ಬಿನಿಂದ ಪಬ್ಬಿಗೆ ಹರಡಿತು. ಕೇಳಿದವರೆಲ್ಲ ನಕ್ಕರು. ನಕ್ಕವರಿಗೂ ಇದು ಅನುಕೂಲವಾಗಿತ್ತು, ಬೆಸ್ಟ್‌ಗೂ ಅನುಕೂಲವಾಗಿತ್ತು. ತಮಾಷೆಯ ವಸ್ತುವಾದ ಮೇಲೆ ಅದನ್ನು ಯಾರೂ ಗಂಭೀರವಾಗಿ ಕೇಳಬೇಕಾಗಿಲ್ಲ, ಯಾರೂ ಉತ್ತರ ಕೊಡಬೇಕಾಗಿಲ್ಲ.

ಆ ನಗೆಯ ಹಿಂದೆ ಒಂದು ಮನೆಯ ದುಃಖವೂ ಇತ್ತು. ಬೆಸ್ಟ್‌ನ ತಾಯಿ ನಡುವಯಸ್ಸಿನವರೆಗೆ ಮದ್ಯ ಮುಟ್ಟಿದವರಲ್ಲ. ಮಗ ಪ್ರಸಿದ್ಧನಾಗಿ ಮನೆಯ ನೆಮ್ಮದಿ ಕದಡಿದ ವರ್ಷಗಳಲ್ಲಿ ಕುಡಿತಕ್ಕೆ ಬಿದ್ದು 1978ರಲ್ಲಿ ತೀರಿಕೊಂಡರು. ಅದೇ ದಾರಿಯಲ್ಲಿದ್ದ ಮಗನನ್ನು ಆ ಸಾವೂ ತಡೆಯಲಿಲ್ಲ. ಕೊನೆಗೆ ಆತನನ್ನು ಮಣ್ಣು ಮಾಡಿದ್ದು ತಾಯಿಯ ಪಕ್ಕದಲ್ಲೇ.

ಅದೇ 1978ರಲ್ಲಿ ಇನ್ನೊಬ್ಬ ಮಹಾನ್ ಆಟಗಾರ ಬೇರೆ ದಾರಿ ಹಿಡಿದ. ಇಂಗ್ಲೆಂಡ್ ಪರ 57 ಪಂದ್ಯಗಳಲ್ಲಿ 44 ಗೋಲು ಹೊಡೆದಿದ್ದ ಜಿಮ್ಮಿ ಗ್ರೀವ್ಸ್ 1966ರ ವಿಶ್ವಕಪ್ ಫೈನಲ್‌ನಿಂದ ಹೊರಗುಳಿದವನು. ಗಾಯಗೊಂಡ ಆತನ ಜಾಗಕ್ಕೆ ಬಂದ ಜೆಫ್ ಹರ್ಸ್ಟ್ ಫೈನಲ್‌ನಲ್ಲಿ ಮೂರು ಗೋಲು ಹೊಡೆದು ಇತಿಹಾಸ ಸೇರಿದ. 1971ರ ಜನವರಿಯಲ್ಲಿ ಬ್ಲ್ಯಾಕ್‌ಪೂಲ್ ವಿರುದ್ಧದ ಪಂದ್ಯದ ಹಿಂದಿನ ರಾತ್ರಿ, ಮೈದಾನ ಹೆಪ್ಪುಗಟ್ಟಿದೆ, ಪಂದ್ಯ ನಡೆಯುವುದಿಲ್ಲ ಎಂದುಕೊಂಡು ಗ್ರೀವ್ಸ್ ಮತ್ತು ಕೆಲವು ಸಹ ಆಟಗಾರರು ನೈಟ್‌ಕ್ಲಬ್ಬಿಗೆ ಹೋಗಿದ್ದರು. ಜೊತೆಗಿದ್ದವರಲ್ಲಿ ವಿಶ್ವಕಪ್ ಎತ್ತಿದ್ದ ನಾಯಕ ಬಾಬಿ ಮೂರ್ ಕೂಡ ಒಬ್ಬ. ಪಂದ್ಯ ನಡೆಯಿತು, ವೆಸ್ಟ್ ಹ್ಯಾಮ್ 0–4ರಿಂದ ಸೋತಿತು. ಆ ವರ್ಷವೇ ಗ್ರೀವ್ಸ್ ದೊಡ್ಡ ಆಟದಿಂದ ನಿವೃತ್ತನಾದ. ನಂತರದ ವರ್ಷಗಳು ಕುಡಿತದಲ್ಲಿ ಕರಗಿದವು. 1978ರಲ್ಲಿ ಕುಡಿತ ಬಿಟ್ಟು, ಅದನ್ನು ಬಹಿರಂಗವಾಗಿ ಹೇಳಿಕೊಂಡು, ಮುಂದೆ ದೂರದರ್ಶನದ ಜನಪ್ರಿಯ ನಿರೂಪಕನಾದ. 2021ರಲ್ಲಿ, 81ನೆಯ ವಯಸ್ಸಿನಲ್ಲಿ ತೀರಿಕೊಂಡ. ಬೆಸ್ಟ್‌ಗಿಂತ ಆರು ವರ್ಷ ಹಿರಿಯನಾಗಿದ್ದವನು ಬೆಸ್ಟ್ ಸತ್ತ ಮೇಲೂ ಸುಮಾರು 16 ವರ್ಷ ಬದುಕಿದ.

ರೋಗವೋ, ದುರ್ಗುಣವೋ

ಕುಡಿತದ ಚಟವನ್ನು ಬಹುಕಾಲ ದುರ್ಗುಣ ಎಂದೇ ಕಾಣಲಾಗಿತ್ತು. 1935ರಲ್ಲಿ ಅಮೆರಿಕದ ಓಹಿಯೋ ರಾಜ್ಯದ ಆಕ್ರನ್ ಪಟ್ಟಣದಲ್ಲಿ ಒಬ್ಬ ಷೇರು ದಲ್ಲಾಳಿ ಮತ್ತು ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡುಕರೇ, ಪರಸ್ಪರ ಮಾತನಾಡುತ್ತ ಕುಡಿತ ಬಿಡುವ ಪ್ರಯತ್ನ ಮಾಡಿದರು. ಅದರಿಂದ ಹುಟ್ಟಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ. 1956ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘ ಮದ್ಯವ್ಯಸನವನ್ನು ಕಾಯಿಲೆ ಎಂದು ಒಪ್ಪಿಕೊಂಡಿತು. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಈ ವ್ಯಸನಕ್ಕೆ ಬೀಳುವ ಅಪಾಯದಲ್ಲಿ ಸುಮಾರು ಅರ್ಧದಷ್ಟು ವಂಶವಾಹಿಗಳಿಗೆ ಸಂಬಂಧಿಸಿದ್ದು. ಉಳಿದರ್ಧ ಪರಿಸರ, ಸಹವಾಸ, ಬದುಕಿನ ಆಘಾತಗಳಿಗೆ ಸೇರಿದ್ದು.

ಕುಡಿದ ಮದ್ಯದ ಬಹುಪಾಲನ್ನು ಕರಗಿಸಬೇಕಾದದ್ದು ಯಕೃತ್ತು. ಆ ಕೆಲಸದಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಹುಟ್ಟುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಯಕೃತ್ತಿನಲ್ಲಿ ಮೊದಲು ಕೊಬ್ಬು ಸೇರುತ್ತದೆ, ಆಮೇಲೆ ಉರಿಯೂತ, ಕೊನೆಗೆ ಕಲೆಗಟ್ಟಿ ಗಡುಸಾಗುವ ಸಿರೋಸಿಸ್. ಮೈಮೇಲೆ ಪ್ಲಾಸ್ಟಿಕ್ ಹೊದ್ದು ಓಡಿ ಬೆವರಿದರೆ ಕುಡಿದದ್ದು ಇಳಿದುಹೋಗುತ್ತದೆ ಎಂಬ ನಂಬಿಕೆ ಆಟಗಾರರಲ್ಲಿತ್ತು. ಬೆವರಿನಲ್ಲಿ ಹೋಗುವುದು ತೀರಾ ಅಲ್ಪ ಭಾಗ ಮಾತ್ರ. ಇಪ್ಪತ್ತರ ಹರೆಯದ ಕ್ರೀಡಾಪಟುವಿನ ದೇಹ ಬಹಳ ತಾಳಿಕೊಳ್ಳುತ್ತದೆ. ಹಿಂದಿನ ರಾತ್ರಿ ಕುಡಿದರೂ ಮರುದಿನ ಗೋಲು ಬರುತ್ತದೆ. ಗೋಲು ಬರುವವರೆಗೆ ಮ್ಯಾನೇಜರನೂ ಕೇಳುವುದಿಲ್ಲ, ಅಭಿಮಾನಿಯೂ ಕೇಳುವುದಿಲ್ಲ. ಸೊರಗುವ ಹೊತ್ತಿಗೆ ಚಟ ಬೇರೂರಿರುತ್ತದೆ.

ಬೆಸ್ಟ್‌ಗೆ ಚಿಕಿತ್ಸೆ ಸಿಗಲಿಲ್ಲ ಎನ್ನುವಂತಿಲ್ಲ. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ಸಂಶೋಧಕರು ಡೈಸಲ್ಫಿರಾಮ್ ಎಂಬ ಔಷಧಿಯನ್ನು ಬಳಕೆಗೆ ತಂದಿದ್ದರು. ಇದನ್ನು ತೆಗೆದುಕೊಂಡವನು ಮದ್ಯ ಕುಡಿದರೆ ಅದೇ ಅಸಿಟಾಲ್ಡಿಹೈಡ್ ರಕ್ತದಲ್ಲಿ ಏರಿ ವಾಂತಿ, ಎದೆಬಡಿತ, ತಲೆನೋವು ಕಾಣಿಸಿಕೊಳ್ಳುತ್ತವೆ. ಈ ಗುಳಿಗೆಗಳನ್ನು ಹೊಟ್ಟೆಯ ಭಾಗದಲ್ಲಿ ಶಸ್ತ್ರಕ್ರಿಯೆಯಿಂದಲೇ ಇರಿಸಿಕೊಂಡಿದ್ದ ಬೆಸ್ಟ್. ಔಷಧಿಯ ಪರಿಣಾಮ ಮುಗಿಯುತ್ತಲೇ ಮತ್ತೆ ಕುಡಿತ. ದೇಹಕ್ಕೆ ಕಾವಲು ಹಾಕಬಹುದು. ಕುಡಿಯದೆ ದಿನ ಕಳೆಯುವುದು ಹೇಗೆ ಎಂಬುದನ್ನು ಗುಳಿಗೆ ಕಲಿಸಲಾರದು.

ಆರ್ಸೆನಲ್ ನಾಯಕನ ಕಥೆ

ಟೋನಿ ಆಡಮ್ಸ್ ಹುಟ್ಟಿದ್ದು 1966ರ ಅಕ್ಟೋಬರ್‌ನಲ್ಲಿ. 17ನೆಯ ವಯಸ್ಸಿಗೆ ಆರ್ಸೆನಲ್‌ನ ಮುಖ್ಯ ತಂಡದಲ್ಲಿ ಆಡಿದ. 21ನೆಯ ವಯಸ್ಸಿಗೆ ನಾಯಕನಾದ. ಬೆಸ್ಟ್‌ನಂತೆ ಚೆಂಡಿನೊಂದಿಗೆ ನರ್ತಿಸುವ ಆಟಗಾರನಲ್ಲ. ಎದುರಾಳಿಯ ದಾಳಿಗೆ ಗೋಡೆಯಂತೆ ನಿಲ್ಲುವ ಡಿಫೆಂಡರ್. 1989ರಲ್ಲಿ ಆತನ ನಾಯಕತ್ವದಲ್ಲಿ ಆರ್ಸೆನಲ್ ಲೀಗ್ ಗೆದ್ದಿತು. ತಂಡದಲ್ಲಿ 'ಮಂಗಳವಾರದ ಕೂಟ' ಎಂಬ ರೂಢಿಯಿತ್ತು. ಬುಧವಾರ ಅಭ್ಯಾಸಕ್ಕೆ ರಜೆಯಾದ್ದರಿಂದ ಮಂಗಳವಾರ ಮಧ್ಯಾಹ್ನದಿಂದಲೇ ಆಟಗಾರರ ಕುಡಿತ ಆರಂಭ. ಅದು ತಂಡದ ಒಗ್ಗಟ್ಟಿನ ಗುರುತು ಎಂದೇ ಎಲ್ಲರ ಭಾವನೆ.

1990ರ ಮೇ ತಿಂಗಳಲ್ಲಿ ಆಡಮ್ಸ್ ಕುಡಿದು ಓಡಿಸುತ್ತಿದ್ದ ಕಾರು ಒಂದು ಮನೆಯ ಗೋಡೆಗೆ ನುಗ್ಗಿತು. ಆ ಕ್ಷಣ ಅಲ್ಲಿ ಯಾರೂ ನಿಂತಿರಲಿಲ್ಲ ಎಂಬುದು ಅದೃಷ್ಟ. ಡಿಸೆಂಬರ್‌ನಲ್ಲಿ ನಾಲ್ಕು ತಿಂಗಳ ಸಜೆಯಾಗಿ, ಅರ್ಧ ಕಳೆದ ಮೇಲೆ ಫೆಬ್ರುವರಿಯಲ್ಲಿ ಬಿಡುಗಡೆಯಾಯಿತು. ಕ್ಲಬ್ ಆತನ ನಾಯಕತ್ವವನ್ನು ಕಿತ್ತುಕೊಳ್ಳಲಿಲ್ಲ. ಅಭಿಮಾನಿಗಳು ವೀರನಂತೆ ಸ್ವಾಗತಿಸಿದರು. ಆ ಸಾಲಿನಲ್ಲಿ 38 ಪಂದ್ಯಗಳಲ್ಲಿ ಒಂದನ್ನು ಮಾತ್ರ ಸೋತು ಆರ್ಸೆನಲ್ ಮತ್ತೆ ಚಾಂಪಿಯನ್ ಆಯಿತು. ಆ ಒಂದು ಸೋಲು ಆಡಮ್ಸ್ ಜೈಲಿನಲ್ಲಿದ್ದಾಗಲೇ ಆದದ್ದು. ಕ್ಷಮೆ ದೊಡ್ಡ ಗುಣ ನಿಜ. ಆದರೆ ಇಲ್ಲಿ ಕ್ಷಮಿಸಿದವರಿಗೆ ಆತನ ಕಾಲು ಬೇಕಾಗಿತ್ತು. ಕುಡಿತದ ಮಾತು ಯಾರೂ ಎತ್ತಲಿಲ್ಲ. ಅದು ಮತ್ತೆ ಆರು ವರ್ಷ ಮುಂದುವರಿಯಿತು.

ಈ ನಡುವೆ 1994ರಲ್ಲಿ ಅದೇ ತಂಡದ ಪಾಲ್ ಮರ್ಸನ್ ತನಗೆ ಕುಡಿತ, ಕೊಕೇನ್ ಮತ್ತು ಜೂಜಿನ ಚಟವಿದೆ ಎಂದು ಬಹಿರಂಗವಾಗಿ ಒಪ್ಪಿಕೊಂಡು ಚಿಕಿತ್ಸೆಗೆ ಹೋದ. ಆಡಮ್ಸ್ ಮಾತ್ರ ತನ್ನ ಬಗ್ಗೆ ಇನ್ನೂ ಒಪ್ಪಿಕೊಂಡಿರಲಿಲ್ಲ.

1996ರ ಯುರೋಪಿಯನ್ ಚಾಂಪಿಯನ್‌ಷಿಪ್ ಇಂಗ್ಲೆಂಡಿನಲ್ಲೇ ನಡೆಯಿತು. ಅದಕ್ಕೆ ಮುಂಚೆ ಹಾಂಗ್‌ಕಾಂಗ್‌ನಲ್ಲಿ ಇಂಗ್ಲೆಂಡ್ ಆಟಗಾರರು ದಂತವೈದ್ಯರ ಕುರ್ಚಿಯಂಥ ಆಸನದಲ್ಲಿ ಒರಗಿ ಬಾಯಿಗೆ ನೇರವಾಗಿ ಮದ್ಯ ಸುರಿಸಿಕೊಂಡ ಚಿತ್ರಗಳು ಪತ್ರಿಕೆಗಳಲ್ಲಿ ರಾದ್ಧಾಂತ ಮಾಡಿದ್ದವು. ಜೂನ್ 15ರಂದು ಸ್ಕಾಟ್ಲೆಂಡ್ ವಿರುದ್ಧ ಅದ್ಭುತ ಗೋಲು ಹೊಡೆದ ಪಾಲ್ ಗ್ಯಾಸ್ಕೊಯಿನ್ ಹುಲ್ಲಿನ ಮೇಲೆ ಮಲಗಿ, ಸಂಗಡಿಗರಿಂದ ಬಾಟಲಿಯ ನೀರನ್ನು ಬಾಯಿಗೆ ಸುರಿಸಿಕೊಂಡು ಅದೇ ದೃಶ್ಯವನ್ನು ಅಣಕಿಸಿದ. ವೆಂಬ್ಲಿ ನಕ್ಕಿತು. ಆ ತಂಡದ ನಾಯಕ ಆಡಮ್ಸ್. ಸೆಮಿಫೈನಲ್‌ನಲ್ಲಿ ಜರ್ಮನಿಗೆ ಸೋತ ಮೇಲೆ ಆತ ವಾರಗಟ್ಟಲೆ ಕುಡಿದ. ಆಗಸ್ಟ್‌ನಲ್ಲಿ ನಿಲ್ಲಿಸಿದ. ಸೆಪ್ಟೆಂಬರ್‌ನಲ್ಲಿ ತಂಡದವರನ್ನು ಸೇರಿಸಿ, ತಾನೊಬ್ಬ ಮದ್ಯವ್ಯಸನಿ ಎಂದು ಹೇಳಿದ.

ಮುಂದಿನ ತಿಂಗಳು ಆರ್ಸೆನ್ ವೆಂಗರ್ ಆರ್ಸೆನಲ್‌ನ ಹೊಸ ಮ್ಯಾನೇಜರಾಗಿ ಕೆಲಸ ಆರಂಭಿಸಿದರು. ಫ್ರಾನ್ಸ್ ಮೂಲದ, ಜಪಾನಿನಲ್ಲಿ ಕೆಲಸ ಮಾಡಿ ಬಂದಿದ್ದ ಅವರು ಆಟಗಾರರ ಊಟ, ನಿದ್ರೆ, ವ್ಯಾಯಾಮಗಳ ಕ್ರಮವನ್ನೇ ಬದಲಿಸಿದರು. ನಾಯಕನ ನಿರ್ಧಾರಕ್ಕೆ ತಕ್ಕ ವಾತಾವರಣ ಸಿಕ್ಕಿತು. 1998ರ ಮೇ 3ರಂದು ಎವರ್ಟನ್ ವಿರುದ್ಧದ ಪಂದ್ಯದ ಕೊನೆಯ ನಿಮಿಷಗಳಲ್ಲಿ ಡಿಫೆಂಡರ್ ಆಡಮ್ಸ್ ಮೈದಾನದ ಆ ತುದಿಯವರೆಗೆ ಓಡಿ, ಎಡಗಾಲಿನಿಂದ ಗೋಲು ಹೊಡೆದು 4–0ರ ಗೆಲುವಿಗೂ ಲೀಗ್ ಪಟ್ಟಕ್ಕೂ ಮುದ್ರೆ ಒತ್ತಿದ. 2002ರಲ್ಲಿ ಇನ್ನೊಂದು ಲೀಗ್ ಪಟ್ಟ ಗೆದ್ದು 35ನೆಯ ವಯಸ್ಸಿನಲ್ಲಿ ನಿವೃತ್ತನಾದ. ಮೂರು ದಶಕಗಳಲ್ಲಿ ಲೀಗ್ ಗೆದ್ದ ನಾಯಕ ಎಂಬ ಹೆಗ್ಗಳಿಕೆ ಆತನದು. ಕುಡಿತ ಬಿಟ್ಟದ್ದರಿಂದ ದಕ್ಕಿದ್ದು ಆರು ವರ್ಷಗಳ ಆಟ, ಎರಡು ಪಟ್ಟಗಳು ಮತ್ತು ಬದುಕು.

ಕಪ್ಪಿನ ಮೇಲೂ ಬಿಯರಿನ ಹೆಸರು

1998ರಲ್ಲಿ ಕುಡಿತ ಬಿಟ್ಟ ನಾಯಕ ಗೆದ್ದ ಆ ಲೀಗಿನ ಅಧಿಕೃತ ಹೆಸರು 'ಕಾರ್ಲಿಂಗ್ ಪ್ರೀಮಿಯರ್‌ಷಿಪ್'. ಕಾರ್ಲಿಂಗ್ ಒಂದು ಬಿಯರ್. 1993ರಿಂದ 2001ರವರೆಗೆ ಲೀಗಿಗೆ ಅದರದೇ ಹೆಸರು. ಲಿವರ್‌ಪೂಲ್ ಆಟಗಾರರ ಎದೆಯ ಮೇಲೆ 1992ರಿಂದ 2010ರವರೆಗೆ ಕಾರ್ಲ್ಸ್‌ಬರ್ಗ್ ಬಿಯರಿನ ಹೆಸರಿತ್ತು. ಪ್ರೇಕ್ಷಕರು ಆಟ ಕಾಣುವ ಜಾಗದಲ್ಲಿ ಮದ್ಯ ಕುಡಿಯಬಾರದೆಂದು 1985ರಲ್ಲಿ ಕಾನೂನು ತಂದ ದೇಶದಲ್ಲೇ ಆಟಗಾರರ ಅಂಗಿ ಮದ್ಯದ ಜಾಹೀರಾತಾಯಿತು.

ಭಾರತದ ಓದುಗರಿಗೆ ಇದು ದೂರದ ಮಾತಲ್ಲ. 1998ರಲ್ಲಿ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಸಮೂಹ ಕೋಲ್ಕತ್ತದ ಎರಡು ಪ್ರಸಿದ್ಧ ತಂಡಗಳೊಂದಿಗೆ ಕೈಜೋಡಿಸಿತು. ಮೋಹನ್ ಬಾಗಾನ್ 'ಮ್ಯಾಕ್‌ಡೊವೆಲ್ಸ್ ಮೋಹನ್ ಬಾಗಾನ್' ಆಯಿತು. ಈಸ್ಟ್ ಬೆಂಗಾಲ್ 'ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್' ಆಯಿತು. 1911ರಲ್ಲಿ ಬರಿಗಾಲಲ್ಲಿ ಆಡಿ ಬ್ರಿಟಿಷ್ ಸೇನಾ ತಂಡವನ್ನು ಸೋಲಿಸಿದ ಖ್ಯಾತಿಯ ಕ್ಲಬ್ಬಿನ ಹೆಸರಿಗೂ ಹೀಗೆ ಮದ್ಯದ ಹೆಸರು ಅಂಟಿಕೊಂಡಿತು.

ಹಾಗಾದರೆ ತಪ್ಪೆಲ್ಲ ಮಾರುವವರದೇ? ಹಾಗೆನ್ನುವಂತಿಲ್ಲ. ಅದೇ ಜಾಹೀರಾತು ನೋಡಿದ, ಅದೇ ಪಬ್ಬಿಗೆ ಹೋದ ಸಾವಿರಾರು ಆಟಗಾರರು ಚಟಕ್ಕೆ ಬೀಳಲಿಲ್ಲ. ಬಿದ್ದವರಲ್ಲಿ ಕೆಲವರು ಎದ್ದರು. ಮರ್ಸನ್ ಒಪ್ಪಿಕೊಂಡ ಮೇಲೂ ಮತ್ತೆ ಮತ್ತೆ ಜಾರಿದುದನ್ನು ತಾನೇ ಹೇಳಿಕೊಂಡಿದ್ದಾನೆ. ಗ್ಯಾಸ್ಕೊಯಿನ್ ಅನೇಕ ಸಲ ಚಿಕಿತ್ಸೆಗೆ ಸೇರಬೇಕಾಯಿತು. ಒಮ್ಮೆ ಬಾಯಿಬಿಟ್ಟು ಹೇಳಿದ ಮಾತ್ರಕ್ಕೆ ರೋಗ ವಾಸಿಯಾಗುವುದಿಲ್ಲ.

ತಪ್ಪು ಮತ್ತು ಹೊಣೆ

ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸುವುದು ಅಗತ್ಯ. ತಪ್ಪು ಹಿಂದೆ ನಡೆದುದಕ್ಕೆ ಸಂಬಂಧಿಸಿದ್ದು. ಹೊಣೆ ಮುಂದೆ ಮಾಡಬೇಕಾದುದಕ್ಕೆ ಸಂಬಂಧಿಸಿದ್ದು. ವ್ಯಸನಕ್ಕೆ ಬಿದ್ದದ್ದರಲ್ಲಿ ವಂಶವಾಹಿ, ವಯಸ್ಸು, ಸಹವಾಸ, ದುಡ್ಡು ಎಲ್ಲದರ ಪಾಲಿದೆ. ಆದ್ದರಿಂದ ಬೆಸ್ಟ್‌ನನ್ನು ದುಷ್ಟ ಎನ್ನಲಾಗದು. ಆದರೆ ಕಾರಿನ ಕೀಲಿ ಹಿಡಿದ ಕೈ ಆತನದೇ, ಆಡಮ್ಸ್‌ನದೇ. ರೋಗ ಇದೆಯೆಂದು ರಸ್ತೆಯಲ್ಲಿ ಹೋಗುವವನ ಪ್ರಾಣಕ್ಕೆ ಬೆಲೆ ಕಡಿಮೆಯಾಗುವುದಿಲ್ಲ. ಯಕೃತ್ತು ಕಸಿಯಾದ ಮೇಲೂ, 2004ರಲ್ಲಿ, ಕುಡಿದು ಕಾರು ಓಡಿಸಿದ್ದಕ್ಕೆ ಬೆಸ್ಟ್‌ನ ಚಾಲನಾ ಪರವಾನಗಿ ರದ್ದಾಯಿತು.

ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಪದ್ಧತಿಯಲ್ಲಿ ವ್ಯಸನಿಯು ತನ್ನನ್ನು ರೋಗಿ ಎಂದು ಒಪ್ಪಿಕೊಳ್ಳುತ್ತಾನೆ; ಜೊತೆಗೇ ತನ್ನಿಂದ ನೊಂದವರ ಪಟ್ಟಿ ಮಾಡಿ, ಸಾಧ್ಯವಾದಲ್ಲಿ ಪರಿಹಾರ ಮಾಡಿಕೊಳ್ಳುತ್ತಾನೆ. ರೋಗ ಎಂಬ ಮಾತು ಹೊಣೆಯನ್ನು ತೆಗೆದುಹಾಕುವುದಿಲ್ಲ, ಹೊರಬಹುದಾದಷ್ಟಕ್ಕೆ ಇಳಿಸುತ್ತದೆ. ಜೀವಮಾನವಿಡೀ ಕುಡಿಯುವುದಿಲ್ಲ ಎಂಬ ಶಪಥದ ಜಾಗದಲ್ಲಿ ಇವತ್ತು ಕುಡಿಯುವುದಿಲ್ಲ ಎಂಬ ಮಾತಿರುತ್ತದೆ. ಆಡಮ್ಸ್ ಕ್ರೀಡಾಪಟುಗಳಿಗಾಗಿ 2000ನೇ ಇಸವಿಯಲ್ಲಿ ಸ್ಥಾಪಿಸಿದ 'ಸ್ಪೋರ್ಟಿಂಗ್ ಚಾನ್ಸ್' ಚಿಕಿತ್ಸಾ ಸಂಸ್ಥೆಗೂ ಅವನ ಇದೇ ಅನುಭವವೇ ಅಡಿಪಾಯ. ಬೆಸ್ಟ್ ಆಡುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ಆಟಗಾರರಿಗೆ ಹೀಗೆ ಹೋಗಿ ತಟ್ಟಬಹುದಾದ ಬಾಗಿಲು ಇರಲಿಲ್ಲ.

2005ರ ನವೆಂಬರ್‌ನಲ್ಲಿ, ಸಾವಿಗೆ ಕೆಲವೇ ದಿನ ಮುಂಚೆ, ಬೆಸ್ಟ್ ಲಂಡನ್ನಿನ ಆಸ್ಪತ್ರೆಯ ಹಾಸಿಗೆಯಿಂದ ತನ್ನ ಫೋಟೋ ಪತ್ರಿಕೆಯಲ್ಲಿ ಪ್ರಕಟವಾಗಲು ಒಪ್ಪಿದ. ಮೈ ಹಳದಿಗಟ್ಟಿತ್ತು, ಮುಖ ಗುರುತು ಸಿಗದಂತಾಗಿತ್ತು. ತನ್ನಂತೆ ಸಾಯಬೇಡಿ ಎಂಬುದು ಆ ಚಿತ್ರದ ಜೊತೆ ಆತ ಜನರಿಗೆ ಕೊಟ್ಟ ಸಂದೇಶ. ಬದುಕಿನುದ್ದಕ್ಕೂ ಕುಡಿತವನ್ನು ಚಟಾಕಿಯಲ್ಲಿ ಮುಚ್ಚಿದವನು ಕೊನೆಗೆ ತಮಾಷೆಯ ಒಂದು ಮಾತನ್ನೂ ಸೇರಿಸಲಿಲ್ಲ. ನವೆಂಬರ್ 25ರಂದು ತೀರಿಕೊಂಡ.

ಇಂದು ಬೆಲ್‌ಫಾಸ್ಟ್‌ನ ನಗರ ವಿಮಾನ ನಿಲ್ದಾಣಕ್ಕೆ ಜಾರ್ಜ್ ಬೆಸ್ಟ್ ಹೆಸರಿದೆ. ಲಂಡನ್ನಿನಲ್ಲಿ ಆರ್ಸೆನಲ್ ಮೈದಾನದ ಹೊರಗೆ 2011ರಿಂದ ಟೋನಿ ಆಡಮ್ಸ್ ಪ್ರತಿಮೆ ನಿಂತಿದೆ. ಎವರ್ಟನ್ ವಿರುದ್ಧದ ಆ ಗೋಲಿನ ನಂತರ ಎರಡೂ ತೋಳು ಚಾಚಿ ನಿಂತ ಭಂಗಿಯಲ್ಲಿ. ಆಟದ ಸೊಬಗಿನಲ್ಲಿ ಬೆಸ್ಟ್‌ಗೆ ಆಡಮ್ಸ್ ಸಾಟಿಯಲ್ಲ ಎಂಬುದನ್ನು ಇಬ್ಬರ ಅಭಿಮಾನಿಗಳೂ ಒಪ್ಪುತ್ತಾರೆ. ಆದರೆ ಸೋತ ಮೇಲೆ ಸಂಗಡಿಗರ ಮುಂದೆ ನಿಂತು ಸೋಲನ್ನು ಒಪ್ಪಿಕೊಳ್ಳುವ, ಆಮೇಲೆ ಕೈಚಾಚಿ ನೆರವು ಕೇಳುವ ಕೆಲಸವನ್ನು 29ನೆಯ ವಯಸ್ಸಿನಲ್ಲೇ ಮಾಡಿದವನು ಆಡಮ್ಸ್. ಬೆಸ್ಟ್ ಅದನ್ನು ಮಾಡಿದ್ದು ಸಾವಿನ ಹಾಸಿಗೆಯಲ್ಲಿ.